ಕಾಲಿನ ಶಸ್ತ್ರಕ್ರಿಯೆಗೆ ಕಾಲ ನೋಡಿರಿ



ಹೆಬ್ಬೆರಳ ಬುಡದ ಗಂಟು, ಡೊಂಕಾದ ಬೆರಳು ಇವು ನಡಿಗೆಗೆ ತೊಡಕಾದರೂ ಸಾಮಾನ್ಯವಾಗಿ ತುರ್ತಿನ ಬೇನೆಗಳಲ್ಲ. ಆದುದರಿಂದ ಶಸ್ತ್ರಕ್ರಿಯೆಯ ದಿನವನ್ನು ವೈದ್ಯರೊಡನೆ ಆಲೋಚಿಸಿ ಗೊತ್ತುಮಾಡಬಹುದು. ಬಿತ್ತನೆಗೆ ಹದ ನೋಡುವಂತೆ ಇದಕ್ಕೂ ಕಾಲ ನೋಡಬೇಕು.

ಕೊಯ್ಯುವುದು ಎಲ್ಲಿ?

ಅಂಗಾಲು ಮೈಭಾರ ಹೊರುತ್ತದೆ. ಅಲ್ಲಿ ಕಲೆ ಗಡುಸಾದರೆ ಹೆಜ್ಜೆ ಹೆಜ್ಜೆಗೂ ಒತ್ತಿ ನೋಯುವುದು. ಆದಕಾರಣ ವೈದ್ಯರು ಸಾಧ್ಯವಾದಾಗಲೆಲ್ಲ ಪಾದದ ಮೇಲೆ ಅಥವಾ ಪಕ್ಕದಲ್ಲಿ, ನರ ಮತ್ತು ರಕ್ತನಾಳಗಳನ್ನು ತಪ್ಪಿಸಿ ಕೊಯ್ಯುತ್ತಾರೆ.

ಗಾಯ ಮಾಯುವ ಬಗೆ

ಮೊದಲ ಕೆಲವು ದಿನ ಊತವಿರುತ್ತದೆ. ಬಳಿಕ ಹೊಸ ಮಾಂಸ ಬೆಳೆಯುತ್ತದೆ. ಪಾದದ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಕೆಲವರಿಗೆ ಇನ್ನೂ ತಡವಾಗುವುದು. ಹೊಲಿಗೆ ಬಿಚ್ಚಿದೊಡನೆ ಗಾಯ ಪೂರ್ತಿ ಮಾಯಿತೆಂದು ತಿಳಿಯಬೇಡಿರಿ. ಮೂರನೆಯ ವಾರದಲ್ಲಿ ಆ ಚರ್ಮಕ್ಕೆ ಮೊದಲಿನ ಬಲದ ಮೂರರಲ್ಲೊಂದು ಪಾಲೂ ಇರುವುದಿಲ್ಲ. ಮೂರು ತಿಂಗಳಿಗೆ ನೂರಕ್ಕೆ ಸುಮಾರು 80 ಪಾಲು ಬರುತ್ತದೆ. ಮೂಳೆ ಕತ್ತರಿಸಿದ್ದರೆ ಅದು ಕೂಡಿಕೊಳ್ಳಲು 6ರಿಂದ 8 ವಾರ, ಕೆಲವೊಮ್ಮೆ ಹೆಚ್ಚು ಬೇಕು.

ಯಾವ ಕಾಲ ಒಳ್ಳೆಯದು?

ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ನಾಟಿಯ ಕೆಸರು, ಚನ್ನಗಿರಿಯ ಅಡಿಕೆ ತೋಟಗಳಲ್ಲಿ ತೇವ. ಇಂಥ ಕಡೆ ಎಳೆಯ ಗಾಯ ನೆನೆದರೆ ನಂಜಾಗುವ ಭಯವಿದೆ. ನಾಟಿಗೆ ಹದಿನೈದು ದಿನ ಮುಂಚೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದು ಸಲ್ಲದು. ಜಗಳೂರಿನ ಮಳೆಯಾಶ್ರಿತ ಹೊಲದವರಿಗೆ ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಬಿಡುವು ಸಿಗುವುದು. ನಿಮ್ಮ ಬೆಳೆ ಯಾವುದೇ ಇರಲಿ, ಎರಡು ಮೂರು ತಿಂಗಳು ಕೆಸರಿಗಿಳಿಯದಿರುವ ಅವಧಿಯನ್ನು ಆರಿಸಿಕೊಳ್ಳಿರಿ. ಕೆಲಸಕ್ಕೆ ಮುಯ್ಯಾಳನ್ನು ಮೊದಲೇ ಗೊತ್ತುಮಾಡಿರಿ.

ಪಾಲಿಸಬೇಕಾದ ಕ್ರಮ

1. ಸಕ್ಕರೆ ಕಾಯಿಲೆ ಇದೆಯೇ, ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಮೊದಲೇ ಪರೀಕ್ಷೆ ಮಾಡಿಸಿರಿ.
2. ಬೀಡಿ ಸೇದುವವರು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ಹೊಗೆಯಿಂದ ರಕ್ತನಾಳ ಕಿರಿದಾಗಿ ಗಾಯ ತಡವಾಗಿ ಮಾಯುವುದು.
3. ಮೊದಲ ದಿನಗಳಲ್ಲಿ ಮಲಗಿದಾಗ ಪಾದವನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇಡಿರಿ.
4. ಪಟ್ಟಿ ಒದ್ದೆಯಾಗದಿರಲಿ. ಅರಿಶಿನ, ಸುಣ್ಣ, ಬೂದಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿರಿ.
5. ವೈದ್ಯರು ಹೇಳುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿರಿ.

ನೋವು ದಿನೇ ದಿನೇ ಏರಿದರೆ, ಕೆಂಪು ಹರಡಿದರೆ, ಕೀವು, ದುರ್ವಾಸನೆ, ಜ್ವರ ಕಂಡರೆ, ಅಥವಾ ಮೀನಖಂಡ ಊದಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಸಕ್ಕರೆ ಕಾಯಿಲೆಯವರಿಗೆ ನೋವು ತಿಳಿಯದಿರಬಹುದು; ಅವರ ಪಾದವನ್ನು ಮನೆಯವರು ದಿನವೂ ನೋಡತಕ್ಕದ್ದು. ಒಂದು ನಾಟಿ ತಪ್ಪಿದರೆ ಮುಂದಿನ ಹಂಗಾಮು ಉಂಟು. ಕಾಲು ಕೆಟ್ಟರೆ ಎಲ್ಲ ಹಂಗಾಮೂ ನಷ್ಟ.