ದೋಷಾರೋಪ ತಪ್ಪಿದ್ದರೆ ಶಿಕ್ಷೆ ರದ್ದಾಗುತ್ತದೆಯೇ?

ಪ್ರಶ್ನೆ: ವ್ಯಾಪಾರಿಯೊಬ್ಬರನ್ನು ಮಚ್ಚಿನಿಂದ ಕೊಂದು ಹಣ ದೋಚಿದ 2021ರ ಪ್ರಕರಣದಲ್ಲಿ ನನ್ನ ತಮ್ಮ ನಾಲ್ಕನೇ ಆರೋಪಿ. ಅಂಗಡಿಯ ಹೊರಗೆ ಬೈಕ್ ಹಿಡಿದು ನಿಂತಿದ್ದ ಎಂಬುದಷ್ಟೇ ಅವನ ವಿರುದ್ಧದ ಸಾಕ್ಷ್ಯ. ಸೆಷನ್ಸ್ ಕೋರ್ಟ್ ಐಪಿಸಿ 34ರೊಂದಿಗೆ 302ರ ಅಡಿ ಜೀವಾವಧಿ, 397ರ ಅಡಿ ಏಳು ವರ್ಷ ಶಿಕ್ಷೆ ಕೊಟ್ಟಿದೆ. ಕೋರ್ಟ್ ಹೊರಿಸಿದ ದೋಷಾರೋಪದಲ್ಲಿ ಘಟನೆಯ ತಾರೀಖೇ ತಪ್ಪಾಗಿದೆ. ಮಚ್ಚು ಯಾರ ಕೈಯಲ್ಲಿತ್ತು ಎಂದೂ ಬರೆದಿಲ್ಲ. ಇಷ್ಟರ ಮೇಲೆ ಹೈಕೋರ್ಟಿನಲ್ಲಿ ಬಿಡುಗಡೆ ಸಿಗಬಹುದೇ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ತಾರೀಖನ್ನು ನೆಚ್ಚಿಕೊಳ್ಳಬೇಡಿ. ದೋಷಾರೋಪದಲ್ಲಿ ತಪ್ಪೋ ಲೋಪವೋ ಇದೆ ಎಂದ ಮಾತ್ರಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ಅದರಿಂದ ನ್ಯಾಯಕ್ಕೆ ಚ್ಯುತಿ ಬಂದಿದೆ ಎಂಬುದು ಮೇಲ್ಮನವಿ ಕೋರ್ಟಿಗೆ ಮನವರಿಕೆಯಾಗಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 464ನೇ ಕಲಂ ಹೇಳಿದ್ದೂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 510ನೇ ಕಲಂ ಹೇಳುವುದೂ ಇದನ್ನೇ. 1955ರ ವಿಲ್ಲಿ ಸ್ಲೇನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ನೋಡಿದ್ದೂ ಇಷ್ಟೇ: ತನ್ನ ಮೇಲಿನ ಆಪಾದನೆ ಏನೆಂದು ಆರೋಪಿಗೆ ತಿಳಿದಿತ್ತೇ, ಉತ್ತರ ಕೊಡಲು ನ್ಯಾಯವಾದ ಅವಕಾಶ ಸಿಕ್ಕಿತ್ತೇ? ನಿಮ್ಮ ವಕೀಲರು ಸರಿಯಾದ ತಾರೀಖು ಹಿಡಿದೇ ಸಾಕ್ಷಿಗಳನ್ನು ಪಾಟಿ ಸವಾಲಿಗೆ ಒಳಪಡಿಸಿದ್ದರೆ, ದಾರಿ ತಪ್ಪಿತು ಎಂದು ಈಗ ಹೇಳುವುದು ಕಷ್ಟ. ವಿಚಾರಣೆಯಲ್ಲೇ ಏಕೆ ತಕರಾರು ತೆಗೆಯಲಿಲ್ಲ ಎಂದೂ ಕೇಳುತ್ತಾರೆ. ವಾದ ಗೆದ್ದರೂ ಸಾಮಾನ್ಯವಾಗಿ ಸಿಗುವುದು ಹೊಸ ವಿಚಾರಣೆ, ಬಿಡುಗಡೆಯಲ್ಲ.

ಮಚ್ಚಿನ ಮಾತು ಹಾಗಲ್ಲ. 397ನೇ ಕಲಮಿನ ಕನಿಷ್ಠ ಏಳು ವರ್ಷದ ಶಿಕ್ಷೆ ಮಾರಕಾಯುಧ ಬಳಸಿದವನಿಗೆ, ಇಲ್ಲವೇ ತೀವ್ರ ಗಾಯ ಮಾಡಿದವನಿಗೆ ಅಥವಾ ಅದಕ್ಕೆ ಯತ್ನಿಸಿದವನಿಗೆ ಮಾತ್ರ, ಜೊತೆಗಿದ್ದವರಿಗೆಲ್ಲ ಹಂಚುವಂಥದ್ದಲ್ಲ. 1975ರ ಫೂಲ್ ಕುಮಾರ್ ತೀರ್ಪಿನಿಂದ ಇದು ಸ್ಪಷ್ಟ. ಹೊರಗೆ ನಿಂತವನಿಗೆ ಆ ಶಿಕ್ಷೆ ಹೇಗೆ ಬಂತು ಎಂಬುದೇ ನಿಮ್ಮ ಗಟ್ಟಿ ಪ್ರಶ್ನೆ. ಆದರೂ 392ರ ಸುಲಿಗೆ ಉಳಿಯಬಹುದು.

ಜೀವಾವಧಿ ಮಾತ್ರ ಇದರಿಂದ ಅಲುಗುವುದಿಲ್ಲ. ಕಲ್ಕತ್ತಾದ ಶಂಕರಿತೋಲಾ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಕೊಲೆಯಾದಾಗ ತಾನು ಹೊರಗಿದ್ದೆ ಎಂದ ಬರೇಂದ್ರ ಕುಮಾರ್ ಘೋಷ್‌ನ ಮೇಲ್ಮನವಿಯನ್ನು ಪ್ರಿವಿ ಕೌನ್ಸಿಲ್ 1924ರಲ್ಲಿ ತಳ್ಳಿಹಾಕಿತು. 34ನೇ ಕಲಮಿನ ಸಮಾನ ಉದ್ದೇಶವಿದ್ದರೆ ಕಾವಲು ನಿಂತವನೂ ಕೊಲೆಗೆ ಹೊಣೆ. ಆದ್ದರಿಂದ ಕೊಲೆಯ ಉದ್ದೇಶ ನಿಮ್ಮ ತಮ್ಮನಿಗೂ ಇತ್ತೆಂದು ಯಾವ ಸಾಕ್ಷಿ ಹೇಳಿದ್ದಾನೆ, ಮಚ್ಚು ಇರುವುದು ಅವನಿಗೆ ಗೊತ್ತಿತ್ತೇ ಎಂಬುದನ್ನು ಸಾಕ್ಷ್ಯದ ಹಾಳೆ ಹಾಳೆಯಲ್ಲೂ ಹುಡುಕಿಸಿ. ಮೇಲ್ಮನವಿ ನಿಲ್ಲುವುದೂ ಬೀಳುವುದೂ ಅಲ್ಲೇ. ದೋಷಾರೋಪದ ತಪ್ಪನ್ನು ಕೊನೆಯ ಆಧಾರವಾಗಿ ಸೇರಿಸಿದರೆ ಸಾಕು.

ಪ್ರಶ್ನೆ: ತೀರ್ಪಾಗಿ ಮೂರು ತಿಂಗಳಾಯಿತು. ವಕೀಲರ ಫೀಸಿಗೆ ದುಡ್ಡಿಲ್ಲ. ದಾರಿ ಮುಚ್ಚಿತೇ?
– ಅದೇ ಓದುಗರು

ಉತ್ತರ: ಇಲ್ಲ. ಇಂಥ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನಗಳ ಗಡುವಿದೆ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ವಿಳಂಬಕ್ಕೆ ಕಾರಣ ಕೊಟ್ಟು ಮನ್ನಾ ಕೋರಬಹುದು. ಜೈಲಿನಲ್ಲಿರುವವರು ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಬಹುದು. ನಿಮ್ಮ ಜಿಲ್ಲೆಗೆ ಕಲಬುರಗಿ ಪೀಠ. ಮೇಲ್ಮನವಿಯ ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿಯನ್ನೂ ಹಾಕಿಸಿ. ಇನ್ನು ಒಂದು ವಾರವನ್ನೂ ಕಳೆಯಬೇಡಿ.