ಫಾರಂ ತುಂಬುವ ಮೊದಲು: ಮೊಮ್ಮಗಳಿಗೆ ಕಿವಿಮಾತು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಆಮೇಲೆ ನಮ್ಮ ಹಿರೇಹಳ್ಳಿ ಕಡೆಯ ಮಕ್ಕಳಿಗೂ ರಕ್ಷಣೆಗೆ ಸಂಬಂಧಿಸಿದ ಕೆಲಸಗಳ ಆಸೆ ಹುಟ್ಟಿದೆ. ಈಗ ನಿನಗೆ ಕೇಂದ್ರ ಸರ್ಕಾರದ ಕೆಲಸದ ಪತ್ರವೇ ಬಂದಿದೆ. ನಿನ್ನೆ ಸಂಜೆ ಜಗಲಿ ಮೇಲೆ ಕೂತು ಅಟೆಸ್ಟೇಷನ್ ಫಾರಂ ತುಂಬುತ್ತಿದ್ದೆಯಲ್ಲ, ನಿನ್ನ ಅಕ್ಕನ ಹೆಸರಿನ ಮುಂದೆ ರಾಷ್ಟ್ರೀಯತೆಯ ಕಾಲಂನಲ್ಲಿ ಪೆನ್ಸಿಲಿನಿಂದ ‘ಭಾರತೀಯ’ ಎಂದು ಬರೆದಿದ್ದು ಕಣ್ಣಿಗೆ ಬಿತ್ತು. ಅವಳು ಅಮೆರಿಕದ ಪೌರತ್ವ ತಗೊಂಡದ್ದು ನಮ್ಮ ಬೀದಿಗೆಲ್ಲ ಗೊತ್ತು. ಬೆಂಗಳೂರಿನ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ಇಂಥ ಫಾರಂಗಳನ್ನು ನೋಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟು ಬರೆದಿಟ್ಟಿದ್ದೇನೆ, ಓದಿಕೋ.

• ಮೊದಲು ಆ ‘ಭಾರತೀಯ’ ಅಳಿಸು. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಅವಳ ಹತ್ತಿರ ಇರುವ ಒಸಿಐ ಕಾರ್ಡ್ ವೀಸಾ ತಾಪತ್ರಯ ತಪ್ಪಿಸುತ್ತದೆ, ಆದರೆ ಅದು ಪೌರತ್ವವಲ್ಲ. ಅವಳು ಅಮೆರಿಕದವಳಾದರೆ ನಿನಗೇನೂ ಕುಂದಿಲ್ಲ. ನೀನು ಅದನ್ನು ಮುಚ್ಚಿಟ್ಟರೆ ಮಾತ್ರ ಕುಂದು.

• ಫಾರಂನ ನೆತ್ತಿಯ ಮೇಲಿರುವ ಎಚ್ಚರಿಕೆಯನ್ನು ಎರಡು ಸಲ ಓದು. ಸುಳ್ಳು ಮಾಹಿತಿ ಕೊಟ್ಟರೂ, ಇದ್ದದ್ದನ್ನು ಮರೆಮಾಚಿದರೂ ಅನರ್ಹತೆ ಎಂದು ಅಲ್ಲೇ ಬರೆದಿದೆ. ನಮ್ಮ ಶಾಖೆಗೆ ಒಬ್ಬ ಹುಡುಗ ಬಂದಿದ್ದ, ಬುದ್ಧಿವಂತ. ಅಣ್ಣ ಕೆನಡಾದ ಪ್ರಜೆಯಾಗಿದ್ದರೂ ‘ಭಾರತೀಯ’ ಎಂದೇ ಬರೆದಿದ್ದ. ವಿಚಾರಣೆಗೆ ಹೋದ ಪೊಲೀಸರಿಗೆ ಪಕ್ಕದ ಮನೆಯ ಯಜಮಾನರು ಕಾಫಿ ಕೊಟ್ಟು, ‘ದೊಡ್ಡ ಹುಡುಗ ಕೆನಡಾದಲ್ಲೇ ಸಿಟಿಜನ್ ಆಗಿಬಿಟ್ಟ ಸಾರ್’ ಎಂದು ಅಭಿಮಾನದಿಂದ ಹೇಳಿದ್ದರು. ಹುಡುಗನ ನೇಮಕದ ಆರ್ಡರ್ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು. ಅವನ ಅಪ್ಪ ತಿಂಗಳಿಗೊಮ್ಮೆ ಬಂದು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಆ ನಿಲುವು ಇನ್ನೂ ನನ್ನ ಕಣ್ಣಲ್ಲಿದೆ.

• ಮುಚ್ಚಿಟ್ಟವರನ್ನೆಲ್ಲ ತೆಗೆದೇ ಹಾಕುತ್ತಾರೆಂದಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಕೇಸು ಮರೆಮಾಚಿದವರ ಬಗ್ಗೆ ಹೇಳುತ್ತಾ, ತೀರ ಸಣ್ಣ ವಿಷಯವಾದರೆ ಮನ್ನಿಸಬಹುದು ಎಂದಿದೆ. ಆದರೆ ನಿಜ ಹೇಳಿದವನ ಪೂರ್ವಾಪರವನ್ನೂ ತೂಗಿ ನೋಡುವ ಹಕ್ಕು ಕೆಲಸ ಕೊಡುವವರಿಗೆ ಇದೆ ಎಂದೂ ಸೇರಿಸಿದೆ. ಕೋರ್ಟಿನ ದಯೆಯನ್ನು ನಂಬಿ ಫಾರಂ ತುಂಬಬೇಡ.

• ಫಾರಂನಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಯ ರಾಷ್ಟ್ರೀಯತೆ, ಹುಟ್ಟಿದ ಊರು ಎಲ್ಲ ಕೇಳುತ್ತಾರೆ. 21 ವರ್ಷವಾದ ಮೇಲೆ ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದಿದ್ದರೆ ಆ ಜಾಗಗಳನ್ನೂ ಬರೆಯಬೇಕು. ನೀನು ಜರ್ಮನಿಯಲ್ಲಿ ಎಂಎಸ್ ಮಾಡಿದ ಎರಡು ವರ್ಷದ ಬಾಡಿಗೆ ಕರಾರು, ವಿಶ್ವವಿದ್ಯಾಲಯದ ಪತ್ರ, ಹಳೇ ಪಾಸ್‌ಪೋರ್ಟು ಇವನ್ನು ಒಂದೇ ಫೈಲಿನಲ್ಲಿಡು. ಹಳೇದೆಂದು ಪಾಸ್‌ಪೋರ್ಟ್ ಎಸೆಯಬೇಡ, ಹೋಗಿಬಂದ ತಾರೀಕುಗಳಿಗೆ ಅದರ ಮೊಹರುಗಳೇ ಸಾಕ್ಷಿ.

• ಜರ್ಮನಿಯಲ್ಲಿ ತೆರೆದ ಬ್ಯಾಂಕ್ ಖಾತೆ ಇನ್ನೂ ಇದ್ದರೆ ಮುಚ್ಚು, ಇಲ್ಲವೇ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸು.

• ಸತ್ಯ ಬರೆದವರಿಗೆ ಎಂದೂ ತೊಂದರೆಯಿಲ್ಲ ಎಂದು ನಾನು ಹೇಳಲಾರೆ. 1994ರಲ್ಲಿ ಮಾಲ್ಡೀವ್ಸಿನ ಇಬ್ಬರು ಹೆಂಗಸರ ಸುತ್ತ ಹಬ್ಬಿದ ಇಸ್ರೋ ಬೇಹುಗಾರಿಕೆ ಪ್ರಕರಣದಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಜೈಲು ಕಂಡರು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ನಮ್ಮ ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಜೈಲಿಗೆ ಹೋದರು. ಪ್ರಕರಣದಲ್ಲಿ ಹುರುಳಿಲ್ಲವೆಂದು ಸಿಬಿಐ 1996ರಲ್ಲೇ ಹೇಳಿತು. ನಂಬಿ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2018ರ ಸೆಪ್ಟೆಂಬರ್ 14ರಂದು. ಅದೇ ತಿಂಗಳು ಚಂದ್ರಶೇಖರ್ ತೀರಿಕೊಂಡರು. 24 ವರ್ಷ, ಮಗಳೇ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ವಿದೇಶದವರೊಬ್ಬರ ಪರಿಚಯ ಯಾವಾಗ, ಯಾವ ಕಾರಣಕ್ಕೆ ಆಯಿತು ಎಂದು ಆಗಿಂದಾಗ್ಗೆ ಬರೆದಿಟ್ಟುಕೋ ಎಂದು ನಾನು ಹೇಳುವುದು ಅದಕ್ಕೇ.

• ಕೆಲಸಕ್ಕೆ ಸೇರಿದ ಮೇಲೆ ನಿಯಮ ಮುಗಿಯುವುದಿಲ್ಲ, ಶುರುವಾಗುತ್ತದೆ. ಅಕ್ಕನ ಮನೆಗೆ ಹೋಗುವುದಾದರೂ ಕಚೇರಿಯ ಅನುಮತಿ ತಗೊಂಡೇ ಟಿಕೆಟ್ ಮಾಡು. ವಿದೇಶಿ ಸಂಸ್ಥೆಯೊಂದು ಓಡಾಟ, ಊಟ, ವಸತಿಯ ಖರ್ಚು ಹಾಕುತ್ತೇನೆಂದರೆ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಒಪ್ಪುವಂತಿಲ್ಲ. ಕೇಂದ್ರ ನೌಕರರು ಬೇರೆ ದೇಶದ ಪ್ರಜೆಯನ್ನು ಮದುವೆಯಾದರೆ ಕೂಡಲೇ ತಿಳಿಸಬೇಕು. ಮದುವೆಯಾಗಬಾರದು ಎಂದಲ್ಲ, ತಿಳಿಸಬೇಕು ಅಷ್ಟೆ. ವಿದೇಶಾಂಗ ಸೇವೆಯ ನಿಯಮ ಮಾತ್ರ ಇನ್ನೂ ಬಿಗಿ.

• ಫೇಸ್‌ಬುಕ್ಕಿನಲ್ಲಿ ಚೆಂದದ ಮುಖವೊಂದು ನಿನ್ನ ಕೆಲಸದ ಬಗ್ಗೆ ಅತಿಯಾಗಿ ಆಸಕ್ತಿ ತೋರಿಸಿದರೆ ಎಚ್ಚರ. 2023ರ ಮೇನಲ್ಲಿ ಪುಣೆಯ ಡಿಆರ್‌ಡಿಒ ವಿಜ್ಞಾನಿಯೊಬ್ಬರ ಬಂಧನವಾಯಿತು. ಇಂಥ ಪರಿಚಯದ ಬಲೆಗೆ ಬಿದ್ದರೆಂಬುದೇ ಅವರ ಮೇಲಿನ ಆರೋಪ. ವಿದೇಶಿ ಏಜೆಂಟನ ಹೆಸರು, ವಿಳಾಸ ನಮ್ಮ ಬಳಿ ಸಿಕ್ಕರೂ ಸಂಪರ್ಕವಿತ್ತೆಂದು ಭಾವಿಸಲು 1923ರ ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಅವಕಾಶವಿದೆ. ಸಂಶಯ ಬಂದ ದಿನವೇ ನಿನ್ನ ಮೇಲಧಿಕಾರಿಗೆ ಬರೆದು ತಿಳಿಸು.

• ನಮ್ಮ ದೇಶದವರು ಮಾತ್ರ ಹೀಗೆ ಕೆದಕುತ್ತಾರೆಂದು ಬೇಸರಪಡಬೇಡ. ನಾಳೆ ನಿನ್ನ ಅಕ್ಕನೇ ಅಲ್ಲಿನ ರಕ್ಷಣಾ ಕೆಲಸಕ್ಕೆ ಅರ್ಜಿ ಹಾಕಿದರೆ ನೂರು ಪುಟ ಮೀರಿದ ಎಸ್‌ಎಫ್-86 ಎಂಬ ಫಾರಂ ತುಂಬಬೇಕು. ಅದರಲ್ಲಿ ನಿನ್ನ ಹೆಸರು, ನಿನ್ನ ಅಪ್ಪ ಅಮ್ಮನ ಹೆಸರು ವಿದೇಶಿ ನೆಂಟರ ಪಟ್ಟಿಗೆ ಬರುತ್ತದೆ. ಅವರ ಲೆಕ್ಕದಲ್ಲಿ ಈ ಹಿರೇಹಳ್ಳಿಯೇ ವಿದೇಶ. ನೆಂಟರು ಇದ್ದಾರೆಂಬ ಒಂದೇ ಕಾರಣಕ್ಕೆ ಅಲ್ಲೂ ಬಾಗಿಲು ಮುಚ್ಚುವುದಿಲ್ಲ. ಯಾವ ದೇಶ, ಎಷ್ಟು ಒಡನಾಟ, ಆ ನಂಟಿನ ಮೂಲಕ ಯಾರಾದರೂ ಒತ್ತಡ ಹಾಕಬಹುದೇ ಎಂದು ನೋಡುತ್ತಾರೆ.

• ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ ನಾನೂ ಇರುತ್ತೇನೆ. ಇವತ್ತು ರಾತ್ರಿ ಒಂಬತ್ತಕ್ಕೆ ಅಕ್ಕನಿಗೆ ಫೋನ್ ಮಾಡು, ಅಲ್ಲಿ ಆಗ ಬೆಳಗ್ಗೆ. ಅವಳು ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡಿದ ತಾರೀಕು ಕೇಳಿ ಒಂದು ಚೀಟಿಯಲ್ಲಿ ಬರೆದುಕೋ. ಬೆಳಗ್ಗೆ ಕಾಫಿ ಕುಡಿದು, ಇಬ್ಬರೂ ಕೂತು ಇಂಕಿನಲ್ಲಿ ಬರೆಯೋಣ.