ಮುಂದಿನ ಸಾಲಿನ ತಾಳ

ಸಂಗೀತ ಕಛೇರಿಯೊಂದನ್ನೇ ಆದ್ಯಂತವೂ ರಂಗಸ್ಥಳವನ್ನಾಗಿ ಮಾಡಿಕೊಂಡು, ಮನುಷ್ಯನ ಚಿತ್ತದೊಳಗಿನ ಭೀತಿಯನ್ನು ಚಲನಚಿತ್ರದಲ್ಲಿ ತೋರಿಸಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಭಯವೆಂಬುದು ಹುಟ್ಟುವುದೆಲ್ಲಿ ಎಂಬುದು. ಕತ್ತಲೆಯಲ್ಲಿ, ಹಠಾತ್ತಾದ ಆರ್ಭಟದಲ್ಲಿ, ರಕ್ತದ ಕಲೆಯಲ್ಲಿ ಎಂದು ಹೇಳುವವರು ಬಹುಮಂದಿ. ತಿಪಟೂರಿನ ಸುತ್ತಣ ತೆಂಗಿನ ಸೀಮೆಯಲ್ಲಿ ತಯಾರಾದ ಅಂಥದೊಂದು ಸಣ್ಣ ಚಿತ್ರದಲ್ಲಿ ಶಬ್ದಗ್ರಹಣದ ಹೊಣೆಯನ್ನು ಹೊತ್ತು, ಕಥಾರಚನೆಯಲ್ಲಿಯೂ ಪಾಲುಗೊಂಡಿದ್ದ ನನಗೆ ದೊರೆತ ಉತ್ತರ ಬೇರೆ: ತನಗೆ ಚೆನ್ನಾಗಿ ತಿಳಿದಿರುವ ಕ್ರಮವೊಂದು ಗೊತ್ತಾದ ನೆಲೆಯನ್ನು ಮುಟ್ಟುವುದೋ ಇಲ್ಲವೋ ಎಂದು ಕಾಯುವ ಮನಸ್ಸಿನಲ್ಲಿಯೇ ಭಯದ ಬೇರಿದೆ, ಕಛೇರಿಯಲ್ಲಾದರೋ ಆ ಕ್ರಮವನ್ನು ತಾಳವೇ ಒದಗಿಸಿಕೊಡುತ್ತದೆ.

ನಮ್ಮ ಕಥೆ ಸರಳವಾದುದು. ಗಣೇಶೋತ್ಸವದ ಪೆಂಡಾಲಿನಲ್ಲಿ ಒಂದು ರಾತ್ರಿ ಕಛೇರಿ ನಡೆದಿದೆ. ಮೃದಂಗ ನುಡಿಸುತ್ತಿರುವವನು, ಬಹುಕಾಲದ ಹಿಂದೆ ಕೊಬ್ಬರಿ ಅಟ್ಟವೊಂದರ ಮೇಲೆ ಸಂಭವಿಸಿದ ತನ್ನ ಗುರುವಿನ ಸಾವಿಗೆ ತಾನೇ ಕಾರಣನೆಂಬುದನ್ನು ಯಾರಿಗೂ ತಿಳಿಸದೆ ಬದುಕಿದವನು, ಮುಂದಿನ ಸಾಲಿನಲ್ಲಿ ಆ ಗುರು ಕುಳಿತಿರುವುದನ್ನು ಕಾಣುತ್ತಾನೆ. ಗುರು ನಿಜವಾಗಿಯೂ ಅಲ್ಲಿರುವನೋ, ಕಾಣುವವನ ಚಿತ್ತದಲ್ಲಿ ಮಾತ್ರ ಇರುವನೋ ಎಂಬುದನ್ನು ಚಿತ್ರ ಕಡೆಯವರೆಗೂ ನಿರ್ಣಯಿಸುವುದಿಲ್ಲ. ಬೀದಿಯಲ್ಲಿ ಹೆದರಿದವನು ಓಡಬಹುದು, ಮನೆಯಲ್ಲಿ ಹೆದರಿದವನು ಬಾಗಿಲು ಹಾಕಿಕೊಳ್ಳಬಹುದು. ವೇದಿಕೆಯ ಮೇಲೆ, ಸಾವಿರ ಕಣ್ಣುಗಳ ಇದಿರಿನಲ್ಲಿ, ಗಾಯಕನ ಪಕ್ಕದಲ್ಲಿ ಕುಳಿತ ಪಕ್ಕವಾದ್ಯದವನಿಗೆ ಆ ಎರಡೂ ಇಲ್ಲ.

ಈ ವಸ್ತುವಿಗೆ ಬೆಂಬಲವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಲಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು (1953) ಚಿತ್ರಕಥೆ ಬರೆಯುವ ದಿನಗಳಲ್ಲಿ ನಾವು ಬಳಿಯಲ್ಲಿಯೇ ಇಟ್ಟುಕೊಂಡಿದ್ದೆವು. ಅದರ ರಸವಿಚಾರವನ್ನು ಓದಿ, ಅಲ್ಲಿಂದ ಭರತನ ನಾಟ್ಯಶಾಸ್ತ್ರಕ್ಕೆ ಹೋದಾಗ, ಭಯಾನಕರಸದ ಕಾರಣಗಳಲ್ಲಿ ವಿಕೃತವಾದ ಧ್ವನಿ, ಶೂನ್ಯಗೃಹ, ಅರಣ್ಯಗಳ ಜೊತೆಯಲ್ಲಿಯೇ ಗುರುವಿಗೂ ಅರಸನಿಗೂ ಎಸಗಿದ ಅಪರಾಧವನ್ನೂ ಆತ ಎಣಿಸಿರುವುದು ಕಣ್ಣಿಗೆ ಬಿತ್ತು. ಹೊರಗಿನ ಭೂತವನ್ನೂ ಒಳಗಿನ ಪಾಪಪ್ರಜ್ಞೆಯನ್ನೂ ಆ ಪ್ರಾಚೀನನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಮನೋವೈಜ್ಞಾನಿಕ ರೋಮಾಂಚಕ ಚಿತ್ರವೆಂದು ನಾವಿಂದು ಕರೆಯುವ ಪ್ರಕಾರದ ಬೀಜವೆಲ್ಲ ಅಲ್ಲಿದೆಯೆಂದು ನನ್ನ ದೃಢವಾದ ನಂಬಿಕೆ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಯವರಿಂದ ಕಲಿತದ್ದು ಇನ್ನೊಂದು. ಅವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಮೇಲ್ಪಂಕ್ತಿಯಾದ ಸಾಫೊಕ್ಲಿಸನ ‘ಏಜಾಕ್ಸ್’ನಲ್ಲಿ, ವೀರನು ಉನ್ಮತ್ತನಾಗಿ ಪಶುಗಳನ್ನೇ ಶತ್ರುಗಳೆಂದು ಕಡಿದುಹಾಕುವ ಘಟನೆ ನಾಟಕ ಆರಂಭವಾಗುವ ಮೊದಲೇ ಮುಗಿದುಹೋಗಿರುತ್ತದೆ, ನಾವು ಕಾಣುವುದು ಅವನಿಗೆ ಎಚ್ಚರ ಬರುವುದನ್ನು. ಅಟ್ಟದ ಮೇಲಿನ ಸಾವನ್ನು ತೆರೆಯ ಮೇಲೆ ತೋರಿಸಕೂಡದೆಂದು ನಾವು ನಿಶ್ಚಯಿಸಿದ್ದು ಇದರಿಂದ.

ಪಾಶ್ಚಾತ್ಯ ಚಿತ್ರಗಳಲ್ಲಿ ಕಛೇರಿಯ ಭಯಕ್ಕೆ ಆದರ್ಶವೆಂದರೆ ಹಿಚ್‌ಕಾಕನ ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’. 1934ರಲ್ಲಿ ಒಮ್ಮೆ, 1956ರಲ್ಲಿ ಮತ್ತೊಮ್ಮೆ ಆತ ಅದನ್ನು ತೆಗೆದ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ವಾದ್ಯವೃಂದದ ಕಂಚಿನ ತಾಳಗಳು ಝಣ್ಣೆಂದು ಬಡಿಯುವ ಕ್ಷಣಕ್ಕೆ ಸರಿಯಾಗಿ ಕೊಲೆಗಾರನು ಗುಂಡು ಹಾರಿಸಬೇಕು. ಎರಡನೆಯ ಚಿತ್ರದಲ್ಲಿ ಆ ಭಾಗವನ್ನು ಧ್ವನಿಮುದ್ರಿಕೆಯ ಮೂಲಕ ಕೊಲೆಗಾರನಿಗೆ ಮುಂಚಿತವಾಗಿಯೇ ಕೇಳಿಸಲಾಗುತ್ತದೆ; ಅವನೊಡನೆ ಪ್ರೇಕ್ಷಕನೂ ಅದನ್ನು ಕೇಳಿಬಿಡುತ್ತಾನೆ. ಅನಂತರ ಸುಮಾರು 12 ನಿಮಿಷಗಳ ಕಾಲ ಒಂದು ಮಾತೂ ಕೇಳಿಸದೆ ಸಂಗೀತ ಮಾತ್ರ ನಡೆಯುತ್ತದೆ. ಮಾಹೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮನೋಜ್ ನೈಟ್ ಶ್ಯಾಮಲನ್ ಅವರ ‘ಟ್ರ್ಯಾಪ್’ (2024) ಚಿತ್ರದಲ್ಲಿ ಇಡೀ ಕಛೇರಿಯೇ ಒಬ್ಬ ಹಂತಕನಿಗಾಗಿ ಒಡ್ಡಿದ ಬಲೆ. ಗಾಯಕಿಯ ಪಾತ್ರವನ್ನು ವಹಿಸಿ ಹಾಡುಗಳನ್ನು ರಚಿಸಿದವಳು ನಿರ್ದೇಶಕನ ಮಗಳು ಸಲೇಕಾ. ಆದರೂ ನಾನು ಹಿಚ್‌ಕಾಕನ ಪಕ್ಷದವನು. ‘ಟ್ರ್ಯಾಪ್’ನಲ್ಲಿ ಸಂಗೀತವು ಭಯದ ಸುತ್ತಲೂ ಇದೆ, ಹಿಚ್‌ಕಾಕನಲ್ಲಿ ಸಂಗೀತವೇ ಭಯದ ಗಡಿಯಾರ.

ಆ ಗಡಿಯಾರ ನಮ್ಮ ಪದ್ಧತಿಯಲ್ಲಿ ತನಿ ಆವರ್ತನದ ರೂಪದಲ್ಲಿ ಸಿದ್ಧವಾಗಿಯೇ ಇದೆಯೆಂಬುದನ್ನು ತೋರಿಸಿಕೊಟ್ಟವರು, ನಮಗೆ ಸಲಹೆಗಾರರಾಗಿದ್ದ ವೃದ್ಧ ಮೃದಂಗ ವಿದ್ವಾಂಸರು. ಮೃದಂಗವೂ ಘಟವೂ ಒಂದರ ನಂತರ ಒಂದು ನುಡಿಯುತ್ತ, ಎರಡು ಆವರ್ತ, ಒಂದು ಆವರ್ತ, ಅರ್ಧ, ಕಾಲು ಎಂದು ತಮ್ಮ ಸರದಿಗಳನ್ನು ಕುಗ್ಗಿಸಿಕೊಳ್ಳುತ್ತ ಬಂದು, ಕಡೆಗೆ ಒಂದಾಗಿ, ಮುಕ್ತಾಯವನ್ನು ಮೂರು ಸಲ ನುಡಿಸಿ ಪಲ್ಲವಿಯ ಎಡುಪಿಗೆ ಬಂದು ಬೀಳುವ ಆ ವಿನ್ಯಾಸದಲ್ಲಿ, ತಾಳ ಬಲ್ಲ ಶ್ರೋತೃವಿಗೆ ಬೀಳತಕ್ಕ ಸ್ಥಾನ ಮೊದಲೇ ಗೊತ್ತು. ಗೊತ್ತಿದ್ದೂ ಉಸಿರು ಬಿಗಿಹಿಡಿದು ಕಾಯುತ್ತಾನೆ. ತಾಳ ತಿಳಿಯದವನಿಗೆ ಮುಕ್ತಾಯವನ್ನು ಎರಡು ಸಲ ಕೇಳಿಸಿದರೆ ಸಾಕು, ಮೂರನೆಯದಕ್ಕೆ ಅವನೂ ಕಾಯುವವನಾಗುತ್ತಾನೆ.

“ನಿಮಗೆ ವೇದಿಕೆಯ ಮೇಲೆ ಎಂದಾದರೂ ಭಯವಾದದ್ದುಂಟೇ?” ಎಂದು ನಾನು ಅವರನ್ನು ಒಮ್ಮೆ ಕೇಳಿದೆ.

ಅವರು ತಡಮಾಡದೆ, “ಜನ ನೋಡಿ ಭಯ ಇಲ್ಲಪ್ಪ. ಮುಂದಿನ ಸಾಲಿನಲ್ಲಿ ಯಾರಾದರೂ ತಪ್ಪು ತಾಳ ಹಾಕ್ತಾ ಕೂತರೆ, ಅದೇ ಭಯ. ಕಣ್ಣು ಬೇಡ ಅಂದರೂ ಆ ಕೈ ಕಡೆಗೇ ಹೋಗುತ್ತೆ” ಎಂದರು.

ಚಿತ್ರದ ಜೀವ ಈ ಮಾತಿನಲ್ಲಿತ್ತು. ನಮ್ಮ ಕಥೆಯ ಗುರುವಿಗೆ ವೃದ್ಧಾಪ್ಯದಲ್ಲಿ ಕೈ ನಡುಗಿ, ಘಾತವು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತೆಂದು ಕಲ್ಪಿಸಿಕೊಂಡೆವು. ಮುಂದಿನ ಸಾಲಿನಲ್ಲಿ ಮುಖವನ್ನು ಎಲ್ಲಿಯೂ ಸ್ಪಷ್ಟವಾಗಿ ತೋರಿಸಲಿಲ್ಲ. ತೊಡೆಯ ಮೇಲೆ ತಡವಾಗಿ ಬೀಳುವ ಒಂದು ಕೈಯನ್ನು ತೋರಿಸಿದೆವು. ಆದಿತಾಳದ ಎಂಟು ಅಕ್ಷರಗಳೂ ಸರಿಯಾಗಿ ನಡೆಯುತ್ತಿರುವ ಪೆಂಡಾಲಿನಲ್ಲಿ ಆ ಒಂದು ಕೈ ಹಿಂದೆ ಬೀಳುತ್ತ ಬರುವುದಕ್ಕಿಂತ ಘೋರವಾದ ಭೂತವನ್ನು ನಾವು ಸೃಷ್ಟಿಸಲಾರದವರಾಗಿದ್ದೆವು.

ಇನ್ನೊಂದು ಶಬ್ದ ಈ ನೆಲವೇ ಕೊಟ್ಟದ್ದು. ಬಲಿತ ತೆಂಗಿನಕಾಯನ್ನು ಮಟ್ಟೆಸಹಿತವಾಗಿ ಅಟ್ಟದ ಮೇಲೆ 8ರಿಂದ 12 ತಿಂಗಳು ಇಟ್ಟರೆ, ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿಯೇ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಗುಡುಗುಡು ಎಂದು ಉರುಳುತ್ತದೆ. ವರ್ಷವೆಲ್ಲ ಕಾದು, ತಿಪಟೂರಿನ ಮಾರುಕಟ್ಟೆಯ ಧಾರಣೆಯ ಮೇಲೆ ಕಣ್ಣಿಟ್ಟು ಕುಳಿತ ತೋಟದವನಿಗೆ ಆ ಸದ್ದು ಶುಭವಾರ್ತೆ. ಅದೇ ಸದ್ದನ್ನು ನಾನು ಒಂದು ಅಟ್ಟದ ಮೇಲೆಯೇ ಹಿಡಿದು, ಮೃದಂಗದ ಎಡಭಾಗದ ಗುಂಕಾರದ ಅಡಿಯಲ್ಲಿ, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ಸೇರಿಸಿದೆ. ಅಪರಿಚಿತವಾದ ಶಬ್ದ ಬೆಚ್ಚಿಬೀಳಿಸಬಹುದು. ಆದರೆ ಮನೆಯ ಶಬ್ದವೇ ಅಸ್ಥಾನದಲ್ಲಿ ಕೇಳಿಬಂದಾಗ ಹುಟ್ಟುವ ಕಳವಳ ಬೇಗ ಬಿಡುವಂಥದಲ್ಲ.

ಕೆಲಸದ ವಿಷಯವಾಗಿ ಕೆಲವು ಮಾತು. ತೆಂಗಿನ ತೋಟದ ಮಗ್ಗುಲಲ್ಲಿ ರಾತ್ರಿಯ ಶಬ್ದಗ್ರಹಣ ಕಠಿಣ: ಗಾಳಿ ಬಂದರೆ ಗರಿಗಳ ಸದ್ದು ಮೈಕಿಗೆ ಮಳೆಯಂತೆಯೇ ಕೇಳುತ್ತದೆ, ತ್ರೀ ಫೇಸ್ ಕರೆಂಟು ಬಂದೊಡನೆ ಬೋರ್‌ವೆಲ್ ಮೋಟಾರುಗಳು ಮೊರೆಯತೊಡಗುತ್ತವೆ, ಅರಸೀಕೆರೆಯ ಕಡೆಯ ರೈಲು ತನ್ನ ವೇಳೆಗೆ ಬಂದೇ ಬರುತ್ತದೆ. ಮೃದಂಗದ ಎಡ ಮುಖಕ್ಕೆ ಹಚ್ಚಿದ ರವೆ ಒಣಗಿದಂತೆಲ್ಲ ನಾದ ಬದಲಾಗುವುದರಿಂದ, ಒಂದು ರಾತ್ರಿಯ ತುಣುಕಿಗೂ ಮತ್ತೊಂದು ರಾತ್ರಿಯ ತುಣುಕಿಗೂ ಹೊಂದಿಕೆಯಾಗದು. ಆದಕಾರಣ ಚಿತ್ರೀಕರಣಕ್ಕೆ ಬಹಳ ಮುಂಚೆಯೇ ತನಿಯನ್ನು ಆದ್ಯಂತ ಒಂದೇ ಓಟದಲ್ಲಿ ಧ್ವನಿಮುದ್ರಿಸಿ, ಅದನ್ನು ಪೆಂಡಾಲಿನಲ್ಲಿ ಕೇಳಿಸುತ್ತ ದೃಶ್ಯಗಳನ್ನು ತೆಗೆದೆವು. ನಟನಿಗೆ ಮೃದಂಗ ಕಲಿಸುವ ಬದಲು ಮೃದಂಗ ಬಲ್ಲವನಿಗೆ ನಟನೆ ಕಲಿಸಿದೆವು. ಮುಖ ಸುಳ್ಳಾಡಬಲ್ಲದು, ಬೆರಳು ಆಡಲಾರದು.

ಭಯದ ದೃಶ್ಯಗಳಿಗೆ ಹಿನ್ನೆಲೆ ಸಂಗೀತ ಬೇಕೇ ಬೇಕೆಂದು ನಿರ್ದೇಶಕರು ಬಹುಕಾಲ ವಾದಿಸಿದರು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯಿಂದ ತೆಗೆದ ‘ಶರಪಂಜರ’ದಲ್ಲಿ ಹಾಡುಗಳ ನಡುವೆಯೇ ಒಂದು ಮನಸ್ಸು ಮುರಿಯುವುದನ್ನು ಕನ್ನಡಿಗರು ಕಂಡಿದ್ದಾರೆ, ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ದಲ್ಲಿ (1989) ಒಂದು ಹಾಡೂ ಇಲ್ಲದೆ ಉಸಿರು ಬಿಗಿಹಿಡಿದಿದ್ದಾರೆ. ಎರಡೂ ದಾರಿ ನಮ್ಮಲ್ಲಿ ಉಂಟು. ಕಛೇರಿಯೇ ಕಥೆಯಾದಾಗ ಮಾತ್ರ, ವೇದಿಕೆಯ ಸಂಗೀತದ ಮೇಲೆ ಮತ್ತೊಂದು ಸಂಗೀತವನ್ನು ಹೇರಿದರೆ ಪ್ರೇಕ್ಷಕನ ತಾಳ ಕೆಟ್ಟು, ಅವನು ಕಾಯುವುದನ್ನೇ ಬಿಟ್ಟುಬಿಡುತ್ತಾನೆ ಎಂಬ ನನ್ನ ವಾದವನ್ನು ಅವರು ಕಡೆಗೆ ಒಪ್ಪಿದರು. ಊರಿನವರಿಗೆ ಚಿತ್ರ ತೋರಿಸಿದ ದಿನ ತೋಟದ ಹಿರಿಯರೊಬ್ಬರು ನನ್ನ ಕೈ ಹಿಡಿದು, “ಆ ಮೂರನೇ ಸಲದ್ದು ಬೀಳೋವರೆಗೂ ನನ್ನ ಕೈ ತೊಡೆ ಮೇಲೆ ಹಂಗೇ ನಿಂತಿತ್ತು ಕಣಪ್ಪ” ಎಂದರು. ಅವರು ಸಂಗೀತ ಕಲಿತವರಲ್ಲ.

ಚಿತ್ರ ತೆಗೆಯಬೇಕೆಂದು ಹಂಬಲಿಸುವ ತರುಣರು ಈ ಮೂರು ತಾಲ್ಲೂಕುಗಳಲ್ಲಿ ಈಗ ಹಲವರಿದ್ದಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟು: ಕಛೇರಿಯನ್ನು ಕಥೆಗೆ ತೆಗೆದುಕೊಳ್ಳುವುದಾದರೆ, ಕ್ಯಾಮೆರಾ ಬಾಡಿಗೆಗೆ ಮಾತಾಡುವ ಮೊದಲು ನಿಮ್ಮ ಊರಿನ ವಿದ್ವಾಂಸರ ಮನೆಗೆ ಹೋಗಿ ಕುಳಿತುಕೊಳ್ಳಿ, ಚಿತ್ರಕಥೆ ಬರೆಯುವಾಗ ಅವರನ್ನು ಜೊತೆಗಿರಿಸಿಕೊಳ್ಳಿ, ಸಂಭಾವನೆಯನ್ನು ಮುಂಗಡವಾಗಿಯೇ ಕೊಡಿ, ಪಕ್ಕವಾದ್ಯದವರ ಹೆಸರನ್ನು ಗಾಯಕನ ಹೆಸರಿನ ಜೊತೆಯಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ, ತೆರೆಯ ಮೇಲೆ ಹಾಕಿ.